ನಮ್ಮವ್ವ ಮತ್ತು ನಗೋ ಮಿಷಿನ್ನು

ಕೆಲವರ ಮನೆಗೆ ನೆಂಟರ ಕಾಟ, ಕೆಲವರ ಮನೆಗೆ ಇಲಿಗಳ ಕಾಟ. ನಮ್ಮ ಮನೆಗೆ ಮಾತ್ರ ನಗೆಪಾಟಲಿನ ಪ್ರಸಂಗಗಳೇ ವಿಳಾಸ ಕೇಳಿಕೊಂಡು ಬರುತ್ತವೆ. ಮೈಸೂರಿನ ಸಿದ್ಧಾರ್ಥನಗರದ ನಮ್ಮ ರಸ್ತೆಯಲ್ಲಿ ಟೀವಿ ಇದ್ದ ಮನೆಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ನಮ್ಮ ಮನೆಗೆ ಒಂದು ಟೀವಿ ಬಂತು ನೋಡಿ, ಅಲ್ಲಿಂದ ಶುರುವಾಯಿತು. ಪೆಟ್ಟಿಗೆಯ ಒಳಗೆ ನಡೆದ ಹಾಸ್ಯ ಒಂದು ಪಾಲಾದರೆ, ಪೆಟ್ಟಿಗೆಯ ಮುಂದೆ ನಡೆದದ್ದು ಮೂರು ಪಾಲು.

ನಾನು ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರ. ಕೊರಳಲ್ಲಿ ಸೀಟಿ, ತಲೆಯ ತುಂಬ ಹಾಸ್ಯ ನಾಟಕ. ವಾರಕ್ಕೊಮ್ಮೆ ಬರುವ ಹಾಸ್ಯ ಧಾರಾವಾಹಿಗಳನ್ನು ಪರೀಕ್ಷೆಗೆ ಓದುವವನ ಹಾಗೆ ನೋಡುತ್ತಿದ್ದೆ. ಯಾವ ಮಾತಿಗೆ ಜನ ನಕ್ಕರು, ಯಾವುದಕ್ಕೆ ನಗಲಿಲ್ಲ, ಎಲ್ಲ ಲೆಕ್ಕ ಹಾಕುತ್ತಿದ್ದೆ. ನನಗಿದ್ದದ್ದು ಒಂದೇ ಆಸೆ. ಒಂದು ದಿನ ನಾನು ಬರೆದದ್ದು ಟೀವಿಯಲ್ಲಿ ಬರಬೇಕು, ಅದನ್ನು ನೋಡಿ ನಮ್ಮವ್ವ ನಗಬೇಕು. ಮೊದಲನೆಯದು ಕಷ್ಟ, ಎರಡನೆಯದು ಆಗುವ ಮಾತೇ ಅಲ್ಲ ಅಂತ ನನ್ನ ಹೆಂಡತಿ ಹೇಳಿಬಿಟ್ಟಿದ್ದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮವ್ವ ನಂಜನಗೂಡು ಕಡೆಯ ಬೇಸಾಯದ ಮನೆಯವಳು. ಬೀದಿಯಲ್ಲಿ, ಬಚ್ಚಲಲ್ಲಿ, ಅಡುಗೆಮನೆಯಲ್ಲಿ ನಗುತ್ತಿದ್ದಳು. ಟೀವಿ ಮುಂದೆ ಕೂತರೆ ಮಾತ್ರ ನ್ಯಾಯ ತೀರಿಸಲು ಕೂತ ಪಟೇಲರ ಮುಖ.

ಸೀಟಿ

ಮೊದಲು ಸ್ಕೂಲಿನದು ಹೇಳುತ್ತೇನೆ. ಮಳೆ ಬಂದು ಮೈದಾನ ಕೆಸರಾಗಿತ್ತು, ಡ್ರಿಲ್ ಇಲ್ಲ. ಮಕ್ಕಳನ್ನು ಕ್ಲಾಸಿನಲ್ಲೇ ಕೂರಿಸಿ, ಹಿಂದಿನ ದಿನ ಟೀವಿಯಲ್ಲಿ ನೋಡಿದ ಬಾಡಿಗೆದಾರ ಮತ್ತು ಓನರ್ ಜಗಳವನ್ನು ಅಭಿನಯ ಮಾಡಿ ತೋರಿಸಿದೆ. ಎರಡೂ ಪಾತ್ರ ನಾನೇ. ಓನರ್ ಪಾತ್ರದಲ್ಲಿ ನಲ್ಲಿ ತಿರುಗಿಸಿದೆ, ಬಾಡಿಗೆದಾರನಾಗಿ ಬಕೆಟ್ ಹಿಡಿದು ಬಿದ್ದೆ. ಒಂದು ಮಗುವೂ ನಗಲಿಲ್ಲ. ಎಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿವೆ.

ನನ್ನ ಪ್ರತಿಭೆ ಇಷ್ಟೇ ಅಂತ ಮನಸ್ಸು ಕುಗ್ಗಿತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂದಿದ್ದು ಕಾಣಿಸಿತು.

"ಏನಮ್ಮಾ, ಹೊಟ್ಟೆನೋವಾ?" ಅಂದೆ.

"ಇಲ್ಲ ಸಾರ್. ನಗ್ಬೋದಾ ಸಾರ್?"

"ಧಾರಾಳವಾಗಿ ನಗ್ರಮ್ಮ" ಅಂದೆ. ಯಾರಿಗೂ ನಂಬಿಕೆ ಬರಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ಸೀಟಿ ಊದಿದೆ. ಕ್ಲಾಸಿಗೆ ಕ್ಲಾಸೇ ಸಿಡಿಯಿತು. ಸದ್ದು ಕೇಳಿ ಹೆಡ್ಮಾಸ್ತರು ಓಡಿ ಬಂದರು. ಗಾಬರಿಯಲ್ಲಿ ಇನ್ನೊಂದು ಸಲ ಊದಿದೆ, ಎಲ್ಲ ಗಪ್ಪನೆ ನಿಂತಿತು. ನನ್ನ ಶಿಸ್ತನ್ನು ಹೆಡ್ಮಾಸ್ತರು ಅಂದಿನಿಂದ ಎಲ್ಲ ಮೀಟಿಂಗಿನಲ್ಲೂ ಹೊಗಳುತ್ತಿದ್ದರು. ಹಾಸ್ಯದ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಆಡಲಿಲ್ಲ.

ತರ್ಜುಮೆ

ಇದು ಅದಕ್ಕೂ ಹಿಂದಿನ ಮಾತು, ಇನ್ನೂ ಕೇಬಲ್ ಇರಲಿಲ್ಲ. ಆಂಟೆನಾವನ್ನು ಚಾಮುಂಡಿ ಬೆಟ್ಟದ ಕಡೆ ತಿರುಗಿಸಿದರೆ ಚಿತ್ರ, ಸ್ವಲ್ಪ ಆಚೆ ತಿರುಗಿಸಿದರೆ ಧ್ವನಿ. ಕನ್ನಡ ಹಾಸ್ಯ ಅಪರೂಪ, ಹಿಂದಿಯಲ್ಲಿ ವಾರಕ್ಕೊಂದು ಬರುತ್ತಿತ್ತು. ರಸ್ತೆಯವರೆಲ್ಲ ನಮ್ಮ ಹಾಲಿಗೆ ಬಂದು ಕೂರುವರು. ಹಿಂದಿ ಒಬ್ಬರಿಗೂ ಬಾರದು.

ಲಷ್ಕರ್ ಮೊಹಲ್ಲಾದಲ್ಲಿ ನನಗೊಬ್ಬ ಸ್ನೇಹಿತನಿದ್ದ. ನಮ್ಮ ಸ್ಕೂಲಿನ ಯೂನಿಫಾರಂ ಹೊಲಿಯುವ ಟೈಲರ್. ಮನೆಮಾತು ಉರ್ದು, ಹಾಗಾಗಿ ಹಿಂದಿಯೂ ಸಲೀಸು. ಅವನನ್ನು ಕರೆದು ಟೀವಿ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದೆವು. ಅವರು ಹಿಂದಿಯಲ್ಲಿ ಹೇಳುವುದು, ಇವನು ಕನ್ನಡದಲ್ಲಿ ಹೇಳುವುದು, ನಾವು ಬಿದ್ದು ಬಿದ್ದು ನಗುವುದು. ನಮ್ಮ ನಗು ಯಾವಾಗಲೂ ಸ್ವಲ್ಪ ತಡ. ಒಂದು ಸಲ ನಾವು ಹೊಟ್ಟೆ ಹಿಡಿದುಕೊಂಡು ನಗುವಾಗ ಪರದೆಯ ಮೇಲೆ ಯಾರೋ ಮಗಳನ್ನು ಗಂಡನ ಮನೆಗೆ ಕಳಿಸಿ ಅಳುತ್ತಿದ್ದರು.

ಒಂದು ವಾರ ಅವನು ಬರಲಿಲ್ಲ. ನಮ್ಮ ಸ್ಕೂಲಿನ ಹಿಂದಿ ಮೇಷ್ಟ್ರನ್ನು ಕರೆದೆವು. ಅವರು ಅಕ್ಷರ ಬಿಡದೆ ತರ್ಜುಮೆ ಮಾಡಿದರು. ಯಾರಿಗೂ ನಗು ಬರಲಿಲ್ಲ. ಮಾರನೇ ದಿನ ಟೈಲರ್ ಅಂಗಡಿಗೆ ಹೋಗಿ ಕೇಳಿದೆ, "ನೀನು ಹೇಳಿದ್ರೆ ಅಷ್ಟು ನಗು ಬರುತ್ತೆ, ಅವರು ಹೇಳಿದ್ರೆ ಬರಲ್ಲ. ಏನಯ್ಯಾ ಗುಟ್ಟು?"

ಅವನು ಸೂಜಿಗೆ ದಾರ ಪೋಣಿಸುತ್ತಾ ಹೇಳಿದ. "ಅವ್ರು ಹೇಳಿದ್ದೇ ಸರಿ ಸಾರ್. ಆ ಸೀರಿಯಲ್ ಅಷ್ಟೊಂದು ಚೆನ್ನಾಗಿಲ್ಲ. ಪಾಪ, ಜನ ಮಕ್ಳು ಮರಿ ಕರ್ಕೊಂಡ್ ಬಂದು ಕೂತಿರ್ತಾರಲ್ಲ, ಹಂಗೇ ಕಳ್ಸಕ್ಕಾಗತ್ತಾ? ನಾನೇ ಕಟ್ಟಿ ಹೇಳ್ತಿದ್ದೆ."

ವರ್ಷಗಟ್ಟಲೆ ನಾವು ಬೊಂಬಾಯಿ ಹಾಸ್ಯ ಅಂದುಕೊಂಡು ನಕ್ಕಿದ್ದೆಲ್ಲ ಲಷ್ಕರ್ ಮೊಹಲ್ಲಾದ ಮಾಲು. ಈ ವಿಷಯದಲ್ಲಿ ಊರಿನ ಬಗ್ಗೆ ನನಗೆ ಬಂದಷ್ಟು ಹೆಮ್ಮೆ ದಸರಾ ನೋಡಿದಾಗಲೂ ಬಂದಿಲ್ಲ.

ನಗೋರು ಯಾರು?

ಆಮೇಲಾಮೇಲೆ ಕನ್ನಡ ಹಾಸ್ಯ ಧಾರಾವಾಹಿಗಳು ಸಾಲುಸಾಲಾಗಿ ಬರತೊಡಗಿದವು. ಮಾತು ಮುಗಿದ ಕೂಡಲೇ ಹಿಂದಿನಿಂದ ಜನ ಗೊಳ್ಳೆಂದು ನಗುವ ಸದ್ದು. ನಮ್ಮವ್ವನಿಗೆ ಕಥೆಗಿಂತ ಆ ಸದ್ದಿನದೇ ಚಿಂತೆ.

"ಅದ್ಯಾರ್ಲಾ ಅಂಗೆ ನಗೋರು? ಒಬ್ರಾದ್ರೂ ಮಖ ತೋರ್ಸಲ್ವಲ್ಲ" ಅಂದಳು.

"ಅವರು ಹಿಂದೆ ಇರ್ತಾರೆ ಅವ್ವಾ" ಅಂತ ಸುಮ್ಮನೆ ಹೇಳಿದೆ. ಅದೇ ತಪ್ಪಾಯಿತು. ಅವರಿಗೆ ಊಟ ಯಾರು ಹಾಕುತ್ತಾರೆ, ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬಂದಿದ್ದಾರೆ, ನಿಂತಿದ್ದಾರೋ ಕೂತಿದ್ದಾರೋ ಅಂತ ಪ್ರಶ್ನೆಯ ಮೇಲೆ ಪ್ರಶ್ನೆ. ಒಂದು ದಿನ ಆ ಸದ್ದಿನಲ್ಲಿ ಯಾರೋ ಕೆಮ್ಮಿದ್ದು ಅವಳ ಕಿವಿಗೆ ಬಿತ್ತು. "ಅಯ್ಯೋ, ಸೀತ ಆಗದೆ ಕಣ್ಲಾ. ಆದ್ರೂ ನಗುಸ್ತಾವ್ರೆ ನೋಡು, ಕಟುಕ್ರು!" ಅಂತ ಆವತ್ತು ಅರ್ಧಕ್ಕೇ ಎದ್ದು ಹೋದಳು.

ಇನ್ನು ತಡೆಯಲಾರದೆ ನಿಜ ಹೇಳಿದೆ. ಅಲ್ಲಿ ಯಾರೂ ಇಲ್ಲ, ಯಾವಾಗಲೋ ನಕ್ಕಿದ್ದನ್ನು ಮಿಷಿನ್ನಿನಲ್ಲಿ ತುಂಬಿಟ್ಟು ಬೇಕಾದಾಗ ಬಿಡುತ್ತಾರೆ ಅಂದೆ. ಅವ್ವ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ರಾಗಿ ಬೀಸಕ್ಕೆ ಮಿಷಿನ್ ಬಂತು, ತೋಳ್ ನೋವು ತಪ್ತು. ಬಟ್ಟೆ ಒಗಿಯಕ್ಕೆ ಮಿಷಿನ್ ಬಂತು, ಸೊಂಟ ನೋವು ತಪ್ತು. ನಗಕ್ಕೆ ಏನ್ ನೋವಾಗಿತ್ತಂತಲಾ?"

ನಾನು ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಸೊಂಟದ ರಿಮೋಟು

ಕಲರ್ ಟೀವಿ ಬಂತು, ಕೇಬಲ್ ಬಂತು, ರಿಮೋಟೂ ಬಂತು. ರಿಮೋಟಿನ ಯಜಮಾನಿಕೆಯನ್ನು ಅವ್ವ ಯಾರನ್ನೂ ಕೇಳದೆ ವಹಿಸಿಕೊಂಡಳು. ಅದಕ್ಕೊಂದು ಪ್ಲಾಸ್ಟಿಕ್ ಕವರ್ ತೊಡಿಸಿ, ಎರಡು ಕಡೆ ರಬ್ಬರ್ ಬ್ಯಾಂಡ್ ಹಾಕಿ, ಎಲೆಅಡಿಕೆ ಚೀಲದ ಪಕ್ಕದಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಟೀವಿಯ ಮೈಮೇಲಿನ ಗುಂಡಿಗಳಲ್ಲಿ ಆನ್ ಮಾಡುವುದೊಂದು ಬಿಟ್ಟು ಮಿಕ್ಕವು ಕೆಟ್ಟಿದ್ದವು.

ಆ ಬಾಡಿಗೆದಾರ ಮತ್ತು ಓನರ್ ಧಾರಾವಾಹಿಯ ಕೊನೆಯ ಕಂತು ಬರುವ ಸಂಜೆ. ಬಾಡಿಗೆದಾರ ಮನೆ ಖಾಲಿ ಮಾಡುತ್ತಾನೋ ಇಲ್ಲವೋ ಅಂತ ಊರೇ ಕಾದಿತ್ತು. ಹಾಲಿನ ತುಂಬ ಜನ. ಅವ್ವ ಎಲ್ಲಿ ಅಂದರೆ ಬೆಟ್ಟದಲ್ಲಿ, ತಾಯಿ ಚಾಮುಂಡಿಯ ಸನ್ನಿಧಿಯಲ್ಲಿ. ರಿಮೋಟು ಎಲ್ಲಿ ಅಂದರೆ ಅವ್ವನ ಸೊಂಟದಲ್ಲಿ. ಟೀವಿ ಹಾಕಿದರೆ ಅವಳು ಮಧ್ಯಾಹ್ನ ಬಿಟ್ಟು ಹೋಗಿದ್ದ ಚಾನೆಲ್ಲಿನಲ್ಲಿ ತೆಂಗಿನ ಮರಕ್ಕೆ ಬರುವ ಹುಳುವಿನ ಬಗ್ಗೆ ಕಾರ್ಯಕ್ರಮ. ಬೇರೆ ಮನೆಗೆ ಹೋಗೋಣವೆಂದರೆ ಎದುರು ಮನೆಯ ಅಜ್ಜಿ ಏಳಲೊಲ್ಲರು. ಅವರು ರಿಟೈರಾದ ಟೀಚರ್, ಅವ್ವನ ಜೀವದ ಗೆಳತಿ. ಅವ್ವ ಟೀವಿಯಲ್ಲಿ ಯಾವುದಕ್ಕೂ ನಗುತ್ತಿರಲಿಲ್ಲ, ಈ ಅಜ್ಜಿ ವಾರ್ತೆಗೂ ನಗುವರು.

"ಇರ್ರೋ, ಇದೂ ಚೆನ್ನಾಗಿದೆ" ಅಂದರು. ಹುಳು ಸುಳಿಯೊಳಗೆ ಹೊಕ್ಕಿತು, ಅಜ್ಜಿ ನಕ್ಕರು. ರೈತ ಔಷಧಿ ಹೊಡೆದ, ಹುಳು ಹೊರಗೆ ಬಿತ್ತು, ಅಜ್ಜಿ ಇನ್ನೂ ನಕ್ಕರು. ಅವರ ನಗು ನೋಡಿ ನಮಗೆಲ್ಲ ನಗು ಹತ್ತಿತು. ಕಾರ್ಯಕ್ರಮ ಮುಗಿದಾಗ ಅಜ್ಜಿ ಕಣ್ಣೊರೆಸಿಕೊಂಡು ಎದ್ದರು.

"ಅಂತೂ ಖಾಲಿ ಮಾಡ್ದ ನೋಡಿ, ಬಾಡಿಗೆ ಇದ್ದೋನು!"

ಮಿಷಿನ್ ಇಲ್ಲದ ನಾಟಕ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹೊಸ ಚಾನೆಲ್ಲೊಂದು ವಾರಕ್ಕೊಂದು ಹಾಸ್ಯ ಕಥೆ ತೋರಿಸುತ್ತೇವೆ, ಬರೆದು ಕಳಿಸಿ ಅಂತ ವೀಕ್ಷಕರನ್ನು ಕೇಳಿತು. ಅಷ್ಟು ವರ್ಷ ನೋಡಿ ನೋಡಿ ನನಗೆ ಒಂದು ವಿಷಯ ತಿಳಿದಿತ್ತು. ನಗಿಸಲೇಬೇಕೆಂದು ಹೊರಟವನನ್ನು ನೋಡಿ ಜನ ಅಷ್ಟಾಗಿ ನಗುವುದಿಲ್ಲ, ತನ್ನ ಪಾಡಿಗೆ ಗಂಭೀರವಾಗಿ ಇರುವವರನ್ನು ನೋಡಿ ನಗುತ್ತಾರೆ. ಅಂಥವರು ನಮ್ಮ ಮನೆಯಲ್ಲೇ ಇದ್ದರು. ಸೊಂಟದಲ್ಲಿ ರಿಮೋಟು ಸಿಕ್ಕಿಸಿಕೊಂಡ ಒಬ್ಬ ತಾಯಿಯ ಕಥೆ ಬರೆದು ಕಳಿಸಿದೆ.

ಆಯ್ಕೆಯಾಯಿತು. ಚಿತ್ರೀಕರಣವೂ ಮುಗಿಯಿತು. ಹೆಂಡತಿ ಕಥೆ ಓದಿ, "ಅತ್ತೆಗೆ ಗೊತ್ತಾದ ದಿನ ನಿಮಗೆ ಊಟ ಇಲ್ಲ, ನನ್ನನ್ನು ಕೇಳ್ಬೇಡಿ" ಅಂದಳು. ಅವ್ವನಿಗೆ ನಾನು ಹೇಳಿದ್ದು ಇಷ್ಟೇ: ನನ್ನ ನಾಟಕ ಟೀವಿಯಲ್ಲಿ ಬರುತ್ತದೆ.

ಅವ್ವ ಕೇಳಿದ ಮೊದಲ ಪ್ರಶ್ನೆ, "ನಗೋ ಮಿಷಿನ್ ಇದ್ದದಾ?"

"ಇಲ್ಲ ಅವ್ವಾ. ಈ ಡೈರೆಕ್ಟರ್‌ಗೆ ಅದು ಇಷ್ಟ ಇಲ್ಲ."

ಅವ್ವನ ಮುಖ ಬಾಡಿತು. ಬೇರೆಯವರ ನಾಟಕಕ್ಕೆಲ್ಲ ಮಿಷಿನ್ನು, ತನ್ನ ಮಗನದಕ್ಕೆ ಮಾತ್ರ ಇಲ್ಲ! "ಬುಡು. ಮಿಷಿನ್ ಇಲ್ದಿದ್ರೆ ಜನ ಇಲ್ವಾ?" ಅಂದವಳೇ ಕುಂಕುಮದ ಬಟ್ಟಲು ಹಿಡಿದು ಹೊರಟಳು. ಮದುವೆಗೆ ಕರೆಯುವ ಹಾಗೆ ಪ್ರತಿ ಮನೆಗೂ ಹೋಗಿ, "ನನ್ ಮಗುಂದು ಟೀವೀಲಿ ಬತ್ತದೆ, ಮನೆ ಮಂದಿಯೆಲ್ಲ ಬಂದು ನಕ್ಕು ಹೋಗ್ಬೇಕು" ಅಂತ ಕುಂಕುಮ ಕೊಟ್ಟು ಬಂದಳು.

ಆ ಸಂಜೆ ಹಾಲು ತುಂಬಿ ವರಾಂಡ ತುಂಬಿ ಗೇಟಿನ ತನಕ ಜನ. ಲಷ್ಕರ್ ಮೊಹಲ್ಲಾದಿಂದ ನನ್ನ ಟೈಲರ್ ಸ್ನೇಹಿತ ಸ್ಕೂಟರಿನಲ್ಲಿ ಬಂದ. ಎಲ್ಲರಿಗೂ ಕೇಸರಿಬಾತು. ಅವ್ವ ನಡುಮಧ್ಯದ ಕುರ್ಚಿಯಲ್ಲಿ ಪಟೇಲರ ಮುಖ ಹೊತ್ತು ಕೂತಳು, ಪಕ್ಕದಲ್ಲಿ ಎದುರು ಮನೆ ಅಜ್ಜಿ. ನನ್ನ ಹೆಸರು ಪರದೆಯ ಮೇಲೆ ಬಂದಾಗ ಅವ್ವ ಕೈ ಮುಗಿದಳು.

ಆಮೇಲೆ ಪಾತ್ರದ ಮುದುಕಿ ಬಂದಳು. ಸೊಂಟದಲ್ಲಿ ರಿಮೋಟು. ಪ್ಲಾಸ್ಟಿಕ್ ಕವರ್, ಎರಡು ರಬ್ಬರ್ ಬ್ಯಾಂಡು.

ಹಾಲಿನಲ್ಲಿದ್ದವರಿಗೆಲ್ಲ ಆ ಕ್ಷಣವೇ ತಿಳಿಯಿತು. ಎಲ್ಲರ ಕಣ್ಣೂ ಪರದೆಯಿಂದ ಅವ್ವನ ಸೊಂಟಕ್ಕೆ ಹೋಯಿತು. ಅಲ್ಲೂ ಅದೇ ರಿಮೋಟು. ನಗುವುದು ಹೇಗೆ? ಮನೆಯಾಕೆ ಎದುರಿಗೇ ಕೂತಿದ್ದಾಳೆ, ಅವಳದೇ ಕೇಸರಿಬಾತು ಬಾಯಲ್ಲಿದೆ. ಒಬ್ಬರು ಕೆಮ್ಮಿದರು, ಒಬ್ಬರು ಸೂರು ನೋಡಿದರು. ತೆಂಗಿನ ಹುಳುವಿಗೆ ನಕ್ಕಿದ್ದ ಅಜ್ಜಿಯೂ ಸೆರಗು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದರು. ಒಂದು ಜೋಕು ಸತ್ತಿತು, ಎರಡನೆಯದೂ ಸತ್ತಿತು. ನಾನು ಬಾಗಿಲ ಹತ್ತಿರ ಬೆವರುತ್ತಾ ನಿಂತಿದ್ದೆ. ಟೈಲರ್ ನನ್ನ ಕಿವಿಯ ಬಳಿ ಬಗ್ಗಿ, "ಸಾರ್, ತರ್ಜುಮೆ ಮಾಡ್ಲಾ?" ಅಂದ.

ಅಷ್ಟರಲ್ಲಿ ಪರದೆಯ ಮೇಲಿನ ಮುದುಕಿ ಮಗನ ಕಡೆ ತಿರುಗಿ ಹೇಳಿದಳು: "ಬೀಸಕ್ಕೆ ಮಿಷಿನ್ ಬಂತು, ಒಗಿಯಕ್ಕೆ ಮಿಷಿನ್ ಬಂತು, ನಗಕ್ಕೆ ಏನ್ ನೋವಾಗಿತ್ತಂತಲಾ?"

ಎಲ್ಲರೂ ಅವ್ವನ ಮುಖವನ್ನೇ ನೋಡಿದರು. ಅವ್ವ ನಿಧಾನವಾಗಿ ಕತ್ತು ತಿರುಗಿಸಿ ಸುತ್ತ ಕೂತ ಜನರನ್ನು ಒಂದು ಸಲ ನೋಡಿದಳು. ಆಮೇಲೆ ಎದುರು ಮನೆ ಅಜ್ಜಿಯ ತೊಡೆಗೆ ರಪ್ಪನೆ ಹೊಡೆದು, "ನೋಡಮ್ಮಿ, ಥೇಟು ನಿನ್ನಂಗೇ ಅವ್ಳೆ!" ಅಂದು ಹೋ ಅಂತ ನಕ್ಕಳು.

ನನ್ನ ಕ್ಲಾಸಿನಲ್ಲಿ ನಾನು ಸೀಟಿ ಊದಿದ ಹಾಗಾಯಿತು. ಹಾಲು, ವರಾಂಡ, ಗೇಟು ಎಲ್ಲ ಒಟ್ಟಿಗೆ ಸಿಡಿದವು. ಅಜ್ಜಿಯಂತೂ, "ಹೌದೇನೇ? ನಾನಾ?" ಅಂತ ಕೇಳುತ್ತಾ ಕುರ್ಚಿಯಿಂದ ಜಾರಿದರು. ಅವರ ಮನೆಯ ಟೀವಿಗೆ ರಿಮೋಟೇ ಇರಲಿಲ್ಲ. ಅಲ್ಲಿಂದಾಚೆ ಒಂದು ಜೋಕೂ ಸಾಯಲಿಲ್ಲ. ನಮ್ಮವ್ವ ಕೊನೆಯವರೆಗೂ ನಕ್ಕಳು, ನಾನು ಕಥೆ ಬಿಟ್ಟು ಅವಳನ್ನೇ ನೋಡಿದೆ. ಆ ಹೊತ್ತಿನಲ್ಲಿ ಮೈಸೂರಿನಲ್ಲಿ ನನಗಿಂತ ಹೆಮ್ಮೆಯ ಮನುಷ್ಯ ಇನ್ನೊಬ್ಬ ಇದ್ದಿರಲಾರ.

ಜನ ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ಲೋಟ ಜೋಡಿಸುತ್ತಿದ್ದಳು. ಪಾರಾದೆ ಅಂದುಕೊಂಡು ಪಕ್ಕದಲ್ಲಿ ಹೋಗಿ ನಿಂತೆ.

"ನಿಜವಾಗ್ಲೂ ನಗು ಬಂತಾ ಅವ್ವಾ?"

"ಬರ್ದೆ ಇದ್ದದಾ? ಆದ್ರೆ ಅವ್ರೆಲ್ಲ ನನ್ ಮಖ ನೋಡ್ಕಂಡು ಕೂತ್ಬುಟ್ಟಿದ್ರು ಕಣ್ಲಾ. ನಾನು ನಗ್ದೆ ಇದ್ರೆ ಇನ್ಯಾರ್ ನಗಾರು? ಮಿಷಿನ್ ಬೇರೆ ಇರ್ನಿಲ್ಲ."

ಅವ್ವ ಕೈ ಒರೆಸಿಕೊಂಡು, ಸೊಂಟದ ರಿಮೋಟನ್ನು ಸರಿಯಾಗಿ ಸಿಕ್ಕಿಸಿಕೊಂಡು, ಪಟೇಲರ ಮುಖ ಮಾಡಿ ನನ್ನ ಕಡೆ ತಿರುಗಿದಳು.

"ಅಲ್ಲಾ, ಅವ್ಳಿಗೆ ಅದೆಂಥ ಬಣ್ಣ ಹೋಗಿರೋ ಸೀರೆ ಉಡ್ಸಿದ್ರಲಾ? ಟೀವೀಲಿ ಬರೋಳು ನಾನು ಅಂತ ಮೊದ್ಲೇ ಹೇಳಿದ್ರೆ, ನನ್ ರೇಸ್ಮೆ ಸೀರೆನೇ ಕೊಟ್ಟು ಕಳಿಸ್ತಿರ್ನಿಲ್ವಾ?"