ಬ್ಲಾಕಿನ ಪಾಯಕ್ಕೆ ಬಂದ ಹಸಿ

ಅಲ್ಲ, ಪಾಯದ ಮೇಲಿನ ಹಸಿಯನ್ನು, ಆ ತೇವವನ್ನು, ಮೊದಲು ಕಂಡವಳು ನನ್ನ ಹೆಂಡತಿಯೇ ಇರಬೇಕು. ನಾನು ಕಂಡೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಬಹುಶಃ ಸುಳ್ಳು. ಇಸವಿ ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಅದೂ ಖಾತ್ರಿಯಿಲ್ಲ. ಖಾತ್ರಿ ಇರುವುದು ಇಷ್ಟೇ: ಬೈಲಹೊಂಗಲದಲ್ಲಿ ಎಲ್ಲರೂ ಕಲ್ಲಿನ ಪಾಯ ಹಾಕಿಸುತ್ತಿದ್ದಾಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ನನ್ನ ಹೊಸ ಮನೆಗೆ ಹುಬ್ಬಳ್ಳಿಯಲ್ಲಿ ನೋಡಿ ಬಂದ ಸಿಮೆಂಟ್ ಬ್ಲಾಕಿನ ಪಾಯ ಹಾಕಿಸಿದೆ. ಅದರ ಮೇಲೆ ನೀರು ತಡೆಯುವ ಬಿಳಿ ಲೇಪ. ಡಬ್ಬಿಯ ಮೇಲೆ ಕೊಡೆ ಹಿಡಿದ ಬಾತುಕೋಳಿಯ ಚಿತ್ರವಿತ್ತು. ಬಾತುಕೋಳಿಗೆ ಕೊಡೆ ಯಾಕೆ ಎಂದು ನಾನು ಕೇಳಲಿಲ್ಲ.

ಆರು ತಿಂಗಳಲ್ಲಿ ಬಾಗಿಲ ಹೊರಗೆ ಎಡಕ್ಕೆ, ಲೇಪದ ಮೇಲೆ, ಚಪಾತಿಯಷ್ಟಗಲ ಹಸಿ ಮೂಡಿತು. ಸುದ್ದಿ ಯರಗಟ್ಟಿ ಮುಟ್ಟಿತು. ಅಲ್ಲಿ ಕಾಕಾನ ಮನೆಯಲ್ಲಿದ್ದ ಅವ್ವ ಹೇಳಿ ಕಳಿಸಿದಳು: "ಹಸಿ ಮನ್ಯಾಗ ನನ್ನ ಮಣಕಾಲು ಹಿಡಕೋತಾವ. ಒಣಗಿದ ಮ್ಯಾಲ ಬರತೇನಿ." ಮನೆ ಕಟ್ಟಿಸಿದ್ದೇ ಅವ್ವ ಬಂದಿರಲಿ ಎಂದು. ಅವಳ ಕೋಣೆಯಲ್ಲಿ ಮಂಚ ಖಾಲಿ ಬಿದ್ದಿತ್ತು.

ಆಮೇಲೆ ತಜ್ಞರು ಬರತೊಡಗಿದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡಬೇಕು. ಅವರು ಬಾಗಿಲ ಹೊರಗೆ ಕಾಲು ತೊಳೆದು, ಉಳಿದದ್ದನ್ನು ಗೋಡೆಯ ಬುಡಕ್ಕೆ ಚೆಲ್ಲಿ ಒಳಗೆ ಬರಬೇಕು. ಮನೆ ಕಟ್ಟಿದ ಗೌಂಡಿ ಕಾಲು ತೊಳೆದ, ಚೆಲ್ಲಿದ, ಬಗ್ಗಿ ನೋಡಿದ. "ಭೂಮಿ ಬೆವರಾಕ ಹತ್ತೈತ್ರಿ ಮಾಸ್ತರ. ಇನ್ನೊಂದು ಕೋಟು ಹೊಡೀರಿ." ಹೊಡೆಸಿದೆ. ಕಾಕಾ ಬಂದ. ಒಂದು ತಂಬಿಗೆ ಸಾಲದೆ ಇನ್ನೊಂದು ತರಿಸಿ ತೊಳೆದುಕೊಂಡು, ಗೋಡೆಗೆ ಬೆರಳಿಟ್ಟು ನೋಡಿದ. "ಏ ತಮ್ಮಾ, ಈಗ ಸುರುವಿದಂಗ ತಣ್ಣಗ ಐತಲ್ಲೋ. ಸೈನ್ಸ್ ಸಾಲ್ಯಾಗ ಇಡು, ಪಾಯಕ್ಕ ಕಲ್ಲು ಇಡು." ಸಹೋದ್ಯೋಗಿಗಳು, ಓಣಿಯವರು, ಓಣಿಯವರ ಬೀಗರು ಎಲ್ಲರೂ ಬಂದು ತೊಳೆದರು, ಚೆಲ್ಲಿದರು, ಮರುಗಿದರು. ಚಪಾತಿಯಷ್ಟಿದ್ದ ಹಸಿ ಹಿಟ್ಟು ನಾದುವ ಪರಾತದಷ್ಟಾಯಿತು. ನಾನು ದಿನಾ ಅಳೆದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದೆ.

"ಅಲ್ರಿ, ನೋಡಾಕ ಬಂದವರೆಲ್ಲ ಅಲ್ಲೇ ನೀರು ಚೆಲ್ಲತಾರಲ್ರಿ," ಅಂದಳು ಹೆಂಡತಿ.

"ನಿನಗ ತಿಳಿಯೂದಿಲ್ಲ. ಇದು ಕ್ಯಾಪಿಲರಿ, ಭೂಮಿ ನೀರು ಸಣ್ಣ ಸಣ್ಣ ತೂತಿನಾಗ ತಾನ ಮ್ಯಾಲ ಏರತೈತಿ," ಅಂದೆ.

ಮೂರು ದಿನ ಬಿಟ್ಟು ಅವಳ ಮಾತನ್ನೇ ನನ್ನ ಸಂಶೋಧನೆಯೆಂದು ಅವಳಿಗೇ ವಿವರಿಸಿದೆನಂತೆ. ನನಗೆ ನೆನಪಿಲ್ಲ.

ಪ್ರಯೋಗಕ್ಕೆಂದು ಹದಿನೈದು ದಿನ ಯಾರಿಗೂ ಕಾಲಿಗೆ ನೀರು ಕೊಡಲಿಲ್ಲ. "ಮಾಸ್ತರ ಮನ್ಯಾಗ ತಂಬಿಗಿ ನೀರಿಗೂ ಬರ ಬಂದೈತಿ" ಎಂದು ಓಣಿ ಆಡಿಕೊಂಡಿತು. ಜನ ಬರುವುದು ಬಿಟ್ಟರು. ಹಸಿ ಮಾಯವಾಯಿತು. ಆಗ ಬಿಸಿಲೂ ಜೋರಾಗಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಅವ್ವನಿಗೆ ಹೇಳಿ ಕಳಿಸಿದೆ.

ಅವ್ವ ಗಂಟು ಹಿಡಿದು ಬಂದವಳು ಮೆಟ್ಟಿಲ ಕೆಳಗೇ ನಿಂತಳು.

"ನೀರ ಎಲ್ಲೆ?"

"ಹಂಗ ಬಾ ಯವ್ವಾ."

"ಹಂಗ ಬರಾಕ ನಾ ಏನ ಇನ್ಶೂರನ್ಸ್ ಪಾಲಿಸಿ ಮಾಡ್ಸಾಕ ಬಂದೇನೇನು?"

ನಾನು ಕ್ಯಾಪಿಲರಿಯ ಬಗ್ಗೆ ಬಾಯಿ ತೆರೆದೆ. ಅವ್ವ ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದಳು. ಅಷ್ಟರಲ್ಲಿ ಹೆಂಡತಿ ತುಂಬಿದ ತಂಬಿಗೆ ತಂದುಕೊಟ್ಟಳು. ಅವ್ವ ಸಾವಕಾಶ ಕಾಲು ತೊಳೆದು, ಉಳಿದ ನೀರನ್ನು ಎಲ್ಲರೂ ಚೆಲ್ಲುವಲ್ಲೇ ಚೆಲ್ಲಿದಳು. ಬಿಳಿ ಲೇಪ ನನ್ನ ಕಣ್ಣೆದುರೇ ಕಪ್ಪಾಯಿತು. ಅವ್ವನೂ ನೋಡಿದಳು.

"ಹಸಿ ಐತಲ್ಲೋ," ಅಂದಳು. ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಒಳಗೆ ಹೋದವಳು ಯರಗಟ್ಟಿಗೆ ಮತ್ತೆ ಹೋಗಲಿಲ್ಲ.

ಆ ಹಸಿ ಭೂಮಿಯದೋ ಕಾಲು ತೊಳೆದ ನೀರಿನದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಣಗಿದ ಮೇಲೆ ಬರುತ್ತೇನೆ ಎಂದಿದ್ದ ಅವ್ವ ಹಸಿಯನ್ನು ಕಂಡೂ ಯಾಕೆ ಒಳಗೆ ಬಂದಳು ಎಂಬುದೂ ಗೊತ್ತಿಲ್ಲ. ನಾನು ಕೇಳಲಿಲ್ಲ.