ಬಡ್ಡಿಯಿಲ್ಲದ ಪ್ರೀತಿಯ ಬಗ್ಗೆ ಥಾರ್ನ್‌ಬೆಕ್ ಕ್ಲಬ್ಬಿನ ಮಾಲೀಕರಿಗೆ

ಮಾನ್ಯ ಕ್ಲೈವ್ ಆರ್ಮಿಟೇಜ್ ಅವರೇ,

ಥಾರ್ನ್‌ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರೂ ಪೋಷಕರೂ ಆದ ತಮಗೆ, ಇಪ್ಪತ್ತಾರು ವರ್ಷಗಳಿಂದ ಅದೇ ಕ್ಲಬ್ಬಿನ ಅಂಗಿ ಚಡ್ಡಿ ಒಗೆಯುತ್ತಿರುವ ಐವಿ ಹಾರ್ಗ್ರೀವ್ಸ್ ಎಂಬುವಳ ಅನಂತ ವಂದನೆಗಳು. ತಾವು ಕ್ಷೇಮವೆಂದು ಪತ್ರಿಕೆಯ ಫೋಟೋದಿಂದ ತಿಳಿಯಿತು. ನಾವಿಲ್ಲಿ ಅಂಕಪಟ್ಟಿಯ ಕೊನೆಯಿಂದ ಎರಡನೆಯವರಾಗಿ ಕ್ಷೇಮ.

ನಾಲ್ಕು ವರ್ಷಗಳ ಹಿಂದೆ ತಾವು ಕ್ಲಬ್ಬನ್ನು ಕೊಂಡು, ಅದಕ್ಕೆ ಎರಡು ಕೋಟಿ ಪೌಂಡ್ ಸಾಲ ಕೊಟ್ಟು, ನನ್ನ ಒಗೆಯುವ ಕೋಣೆಗೂ ದಯಮಾಡಿಸಿ, "ಐವಿ, ಇದು ವ್ಯವಹಾರ ಅಲ್ಲಮ್ಮ, ಪ್ರೀತಿ. ಒಂದು ಪೆನ್ನಿ ಬಡ್ಡಿ ಬೇಡ ನಂಗೆ" ಎಂದಾಗ ನಾನು ಗೋಲ್‌ಕೀಪರನ ಟವೆಲಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಟವೆಲು ಇನ್ನೂ ಒಗೆದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕಳೆದ ಬೇಸಿಗೆಯಲ್ಲಿ ಲೀಗಿನವರು ಖರ್ಚಿನ ನಿಯಮ ಬದಲಿಸಿದರು. ನಮ್ಮ ಲೆಕ್ಕಿಗ ನೀಲ್ ನನಗೆ ಬಿಡಿಸಿ ಹೇಳಿದ: "ಸಾಹೇಬ್ರು ಬಡ್ಡಿ ಕೇಳದಿದ್ರೂ, ಬ್ಯಾಂಕಾಗಿದ್ರೆ ಎಷ್ಟು ಕೇಳ್ತಿತ್ತೋ ಅಷ್ಟನ್ನ ನಮ್ಮ ಖರ್ಚು ಅಂತ್ಲೇ ಬರ್ಕೋತಾರೆ ಐವಿ ಅಮ್ಮ. ಕೊಡದೇ ಇರೋ ಬಡ್ಡಿಯಿಂದ್ಲೇ ಲೀಗು ಹಾಕಿರೋ ನಷ್ಟದ ಮಿತಿ ದಾಟ್ತೀವಿ, ಅಂಕ ಕಳೀತಾರೆ."

"ದಾರಿ ಇಲ್ವೇನೋ?"

"ಸಾಲಾನ ಷೇರು ಮಾಡಿದ್ರೆ ಮುಗೀತು. ಸಾಹೇಬ್ರದ್ದು ಒಂದು ಸಹಿ. ಆದ್ರೆ ಆಮೇಲೆ ವಾಪಸ್ ಕೇಳೋ ಹಾಗಿಲ್ಲ."

ಎರಡು ಕೋಟಿ ಪೌಂಡಿನ ಒಡೆಯರಾದ ತಮಗೆ ಆರು ತಿಂಗಳು ಒಂದು ಪೆನ್ನು ಸಿಗಲಿಲ್ಲವೆಂಬುದು ನನಗೆ ಬಹಳ ಮರುಕ ತಂದ ಸಂಗತಿ. ಮಿತಿಯೊಳಗೆ ಬರಲು ಮೊದಲು ಸೋಪಿನ ಪುಡಿ ನಿಂತಿತು. ನಲವತ್ತೊಂದು ಪೌಂಡಿನಷ್ಟು ನಾನೇ ತಂದೆ. ಆಮೇಲೆ ಜನವರಿಯಲ್ಲಿ, ಹನ್ನೊಂದನೆಯ ವಯಸ್ಸಿನಿಂದ ನಮ್ಮಲ್ಲೇ ಆಡಿ ಬೆಳೆದ ನಾಯಕ ರೆಮಿ ಒಡುಯಾನನ್ನು ಮಾರಿದಿರಿ. ಅವನು ಅಂಗಿ ಒಪ್ಪಿಸಲು ಬಂದು ಬಾಗಿಲಲ್ಲೇ ನಿಂತ.

"ನಾನೇನ್ ತಪ್ಪು ಮಾಡ್ದೆ, ಐವಿ?"

"ಏನಿಲ್ಲ ಮಗಾ. ನಿನ್ನ ಕೊಳ್ಳೋರಿದ್ರು, ಅಷ್ಟೇ."

ಆ ಅಂಗಿಯನ್ನು ನಾನು ಎರಡು ಸಲ ಒಗೆದೆ. ಒಂದೇ ಸಲಕ್ಕೆ ಸಾಕಿತ್ತು.

ಮಾರ್ಚಿನ ಅಭಿಮಾನಿಗಳ ಸಭೆಯಲ್ಲಿ ತಾವು ಎದೆಯ ಮೇಲೆ ಕೈಯಿಟ್ಟು, "ನನ್ನ ಜಾಗದಲ್ಲಿ ನೀವಿದ್ರೆ ಏನ್ ಮಾಡ್ತಿದ್ರಿ, ಹೇಳಿ?" ಎಂದಿರಿ. ಅದು ಉತ್ತರ ಬೇಡದ ಪ್ರಶ್ನೆಯೆಂದು ತಿಳಿಯದೆ ನಾನು ಎದ್ದುಬಿಟ್ಟೆ: "ಸಾರ್, ಸೋಪಿಗೆ ನಾನು ಹಾಕಿರೋ ನಲವತ್ತೊಂದು ಪೌಂಡ್ ವಾಪಸ್ ಬೇಡ. ಷೇರು ಅಂತ ಬರ್ಕೊಳ್ಳಿ." ಸಭೆ ಮೊದಲು ನಕ್ಕಿತು, ಆಮೇಲೆ ಕಾಲು ಬಡಿಯಿತು, ಆಮೇಲೆ ತಮ್ಮನ್ನೇ ನೋಡಿತು. ನೀಲ್ ತನ್ನ ಪೆನ್ನು ಚಾಚಿದ. ತಾವು ಕಿವಿಯವರೆಗೆ ಕೆಂಪಾಗಿ ಇಡೀ ಎರಡು ಕೋಟಿಗೂ, ನನ್ನ ನಲವತ್ತೊಂದಕ್ಕೂ ಷೇರೆಂದು ಸಹಿ ಹಾಕಿದಿರಿ. ಕ್ಲಬ್ಬು ಅಂಕಗಳ ದಂಡದಿಂದ ಪಾರಾಯಿತು. ಮರುದಿನ ಪತ್ರಿಕೆ ತಮ್ಮನ್ನು ತ್ಯಾಗಮೂರ್ತಿ ಎಂದಿತು.

ಆ ತ್ಯಾಗವನ್ನು ಎರಡು ತಿಂಗಳು ಮೊದಲೇ ಮಾಡಿದ್ದರೆ ರೆಮಿ ಇಲ್ಲೇ ಇರುತ್ತಿದ್ದ ಎಂಬ ಕ್ಷುಲ್ಲಕ ದೂರನ್ನು ಮನ್ನಿಸಬೇಕು. ಶನಿವಾರ ಅವನು ಎದುರಾಳಿ ತಂಡದೊಂದಿಗೆ ಬರುತ್ತಿದ್ದಾನೆ. ಗೋಲು ಹೊಡೆಯುವ ಆ ಎಡಗಾಲು ಬಳಸಬೇಡವೆಂದು ತಾವೇ ಪ್ರೀತಿಯಿಂದ ಒಂದು ಮಾತು ಹೇಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಯೂ, ಈಗ ಪಾಲುದಾರಳೂ ಆದ
ಐವಿ ಹಾರ್ಗ್ರೀವ್ಸ್

ತಾ.ಕ.: ವಾರ್ಷಿಕ ಸಭೆಯಲ್ಲಿ ತಾವು ಕೂತಿರುವ ಅಧ್ಯಕ್ಷ ಸ್ಥಾನಕ್ಕೆ ಆರಿಸುವಾಗ, ಮೊದಲಿಗೆ ಷೇರುದಾರರ ಕೈಯೆತ್ತಿಸಿ ಎಣಿಸುತ್ತಾರಂತೆ. ಆಗ ಷೇರು ಎಷ್ಟಿದ್ದರೂ ತಮಗೂ ಒಂದೇ ಕೈ, ನನಗೂ ಒಂದೇ ಕೈಯೆಂದು ನೀಲ್ ಹೇಳಿದ.