ಇಲ್ಪೊನ ಎರಡನೇ ಕಾಲಂ

ಇಲ್ಪೊ ಪೆಸೊನೆನ್ ಸಾಹುಕಾರನಾದದ್ದು ಗುರುವಾರ ಬೆಳಿಗ್ಗೆ ಆರೂವರೆಗೆ, ಊರಿನ ವಾರಪತ್ರಿಕೆ ಮನೆಮನೆಯ ಬಾಗಿಲ ಕಿಂಡಿಯಿಂದ ಒಳಗೆ ಬಿದ್ದ ಹೊತ್ತಿನಲ್ಲಿ. ಆಗ ಅವನು ಶಾಲೆಯ ಅಂಗಳದಲ್ಲಿ ಸಲಿಕೆ ಹಿಡಿದು ಹಿಮ ಎತ್ತಿಹಾಕುತ್ತಿದ್ದ. ಹೀಗಾಗಿ ಊರಿಗೆಲ್ಲ ಗೊತ್ತಾದ ಮೇಲೆ ಅವನಿಗೆ ಗೊತ್ತಾಯಿತು.

ನವೆಂಬರ್ ಬಂತೆಂದರೆ ಫಿನ್ಲೆಂಡಿನಲ್ಲಿ ಯಾರ ವರಮಾನ ಎಷ್ಟೆಂಬುದು ಬಯಲಾಗುತ್ತದೆ. ತೆರಿಗೆ ಕಚೇರಿಯವರ ಪಟ್ಟಿಯಲ್ಲಿ ಎರಡು ಕಾಲಂ. ಮೊದಲನೆಯದರಲ್ಲಿ ಮೈ ಬಗ್ಗಿಸಿ ಗಳಿಸಿದ್ದು, ಎರಡನೆಯದರಲ್ಲಿ ಕೂತಲ್ಲೇ ಬಂದದ್ದು: ಷೇರು, ಬಾಡಿಗೆ, ಕಾಡಿನ ಮರ ಮಾರಿದ ಹಣ. ನಮ್ಮಲ್ಲಿ ಇನ್ನೊಬ್ಬರ ಸಂಬಳ ಕೇಳುವಷ್ಟು ಅಸಭ್ಯತೆ ಬೇರೊಂದಿಲ್ಲ. ಆದರೆ ಅಚ್ಚಾದದ್ದನ್ನು ಓದಬಾರದೆಂದು ಯಾರೂ ಹೇಳಿಲ್ಲವಲ್ಲ. ದೊಡ್ಡ ಪತ್ರಿಕೆಗಳು ದೊಡ್ಡವರ ಹೆಸರು ಹಾಕಿ ಸುಮ್ಮನಾಗುತ್ತವೆ. ನಮ್ಮೂರ ಪತ್ರಿಕೆಗೆ ಬಂದಿದ್ದ ಹೊಸ ಸಂಪಾದಕಿಗೆ ಅಷ್ಟು ಸಾಲದಾಯಿತು. ಊರಿನ ಸಮಸ್ತರನ್ನೂ ಅಕ್ಷರಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಹನ್ನೆರಡು ಪುಟ ತುಂಬಿಸಿಬಿಟ್ಟಳು.

ಒಂಬತ್ತು ಗಂಟೆಗೆ ಇಲ್ಪೊ ಶಾಲೆಯ ಕಾಫಿ ಕೋಣೆಗೆ ಹೋಗಿ ಕಿಟಕಿ ಪಕ್ಕದ ಸಣ್ಣ ಮೇಜಿನಲ್ಲಿ ಎಂದಿನಂತೆ ಒಬ್ಬನೇ ಕೂತ. ಒಂಬತ್ತು ವರ್ಷದ ಹಿಂದೆ, ಶಾಲೆಯ ಕಟ್ಟಡ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ದಿನ, ದೊಡ್ಡ ಮೇಜು ತುಂಬಿದ್ದರಿಂದ ಅಲ್ಲಿ ಕೂತಿದ್ದ. ಪಾಪ, ಅವನಿಗೆ ಏಕಾಂತ ಇಷ್ಟ, ಕರೆದು ತೊಂದರೆ ಕೊಡಬಾರದು ಎಂದು ದೊಡ್ಡ ಮೇಜಿನವರು. ಕರೆಯದೆ ಹೋಗಿ ಕೂರುವುದು ಹೇಗೆ ಎಂದು ಇವನು. ಈ ಮರ್ಯಾದೆಯಲ್ಲೇ ಒಂಬತ್ತು ವರ್ಷ ಕಳೆದುಹೋಗಿತ್ತು. ಮನೆಯಲ್ಲೂ ಅವನೊಬ್ಬನೇ. ರೇಡಿಯೋದಲ್ಲಿ ಹವಾಮಾನ ವರದಿ ಓದುವವಳು ನಾಳೆ ಚಳಿ ಜಾಸ್ತಿ ಎಂದರೆ "ಹೌದಾ" ಎಂದು ಉತ್ತರ ಕೊಡುವ ಅಭ್ಯಾಸವಾಗಿತ್ತು.

ಅಂಥ ಮೇಜಿಗೆ ಇವತ್ತು ಕೈಕಸುಬಿನ ಟೀಚರ್ ಟೆಲ್ಲೆರ್ವೊ ತನ್ನ ಕುರ್ಚಿ ಎಳೆದುಕೊಂಡೇ ಬಂದಳು. ಹಿಂದೆಯೇ ವ್ಯಾಯಾಮದ ಮೇಷ್ಟ್ರು ರೈಮೊ, ಅವನ ಹಿಂದೆ ಉಳಿದವರು.

"ಏಲಕ್ಕಿ ಬನ್ ತಗೋ ಇಲ್ಪೊ, ನಾನೇ ಮಾಡಿದ್ದು," ಎಂದಳು ಟೆಲ್ಲೆರ್ವೊ. "ಎರಡು ತಗೋ."

"ಏನು ವಿಶೇಷ?" ಎಂದ ಇಲ್ಪೊ.

"ವಿಶೇಷ ಏನಿಲ್ಲಪ್ಪಾ, ಸುಮ್ಮನೆ," ಎಂದ ರೈಮೊ. ಸ್ವಲ್ಪ ಹೊತ್ತು ಎಲ್ಲರೂ ಕಾಫಿ ಹೀರಿದರು. "ಅಲ್ಲ ಇಲ್ಪೊ, ಹಿಮ ಎತ್ತೋದು ನಿಂಗೆ ಹವ್ಯಾಸಾನಾ?"

"ಕೆಲಸ."

"ಕೆಲಸ ಅಂತೆ," ಎಂದು ರೈಮೊ ಎಲ್ಲರ ಮುಖ ನೋಡಿದ. "ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯೋಕೆ ಬೆಚ್ಚಗಿರೋ ಗುಡಿಸಲು ಬಾಡಿಗೆಗೆ ಕೊಡೋ ಯೋಚನೆ ನಂದು. ಬುದ್ಧಿ ನಂದು. ಇನ್ನೊಂದು ಯಾರಾದ್ರೂ ಹಾಕಿದ್ರೆ ಮುಗೀತು."

"ಅವನ ತಲೆ ತಿನ್ಬೇಡ," ಎಂದಳು ಟೆಲ್ಲೆರ್ವೊ. "ಉಣ್ಣೆ ಅಂಗಡಿ ಆದ್ರೆ ಬೇರೆ ಮಾತು. ಬೇಸಿಗೇಲಿ ಮಂಜಿನ ಹಾಗೆ ಕರಗಲ್ಲ ಅದು."

ಇಲ್ಪೊಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ರೈಮೊ ಪತ್ರಿಕೆಯ ಒಂಬತ್ತನೇ ಪುಟ ಮಡಿಸಿ ಅವನ ಮುಂದಿಟ್ಟ. ಪೆಸೊನೆನ್ ಇಲ್ಪೊ: ದುಡಿಮೆಯಿಂದ ಮೂವತ್ತೊಂದು ಸಾವಿರ ಯೂರೋ, ಬಂಡವಾಳದಿಂದ ಎರಡು ಲಕ್ಷ ಹದಿನೆಂಟು ಸಾವಿರ.

"ಇದು ತಪ್ಪು," ಎಂದ ಇಲ್ಪೊ. "ನನ್ನ ಹತ್ರ ಇರೋ ಬಂಡವಾಳ ಒಂದು ದೋಣಿ. ಅದೂ ಸೋರುತ್ತೆ."

ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ನಿಜವಾದ ಸಾಹುಕಾರರು ಹೀಗೇ ಮಾತಾಡುವುದು ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಹರಿದ ಕೈಗವಸು ತೋರಿಸಿದ. ದುಡ್ಡು ಉಳಿಯುವುದೇ ಹಾಗೆ ಎಂದರು. ಇಪ್ಪತ್ತು ವರ್ಷದ ಹಳೇ ಕಾರನ್ನು ಕಿಟಕಿಯಿಂದ ತೋರಿಸಿದ. ಟೆಲ್ಲೆರ್ವೊಗೆ ಗೌರವದಿಂದ ಕಣ್ಣು ತುಂಬಿ ಬಂತು. ನಿಜ ಹೇಳಬೇಕೆಂದರೆ, ಏಳು ಜನ ಸುತ್ತ ಕೂತು ತನ್ನ ಮಾತಿಗೆ ಕಾಯುವುದು ಇಲ್ಪೊಗೆ ಹಿತವಾಗಿಯೇ ಇತ್ತು. ಎರಡನೇ ಬನ್ ಮಾತ್ರ ಅರ್ಧ ತಿಂದು ಕೆಳಗಿಟ್ಟ. ಒಂಬತ್ತು ವರ್ಷ ಎಲ್ಲಿದ್ದರು ಇವರೆಲ್ಲ ಎಂಬ ಪ್ರಶ್ನೆ ಅಡ್ಡ ಬಂದಿತ್ತು.

ಅವನಿಗೆ ಬೇಕಾಗಿದ್ದದ್ದು ಏಳು ಜನವಲ್ಲ, ಒಬ್ಬಳು. ಶಾಲೆಯ ಅಡುಗೆಮನೆಯ ರೌಹ ಪೆತಾಯ, ಗಂಡ ತೀರಿಕೊಂಡು ನಾಲ್ಕು ವರ್ಷವಾದವಳು. ಸಿಬ್ಬಂದಿಯ ಕಾಗದಪತ್ರ ಹಾಕುವ ಮರದ ಗೂಡುಗಳಲ್ಲಿ ಅವನ ಗೂಡಿನ ಕೆಳಗಿನದು ಅವಳದ್ದು. ದಿನಾ ಬೆಳಿಗ್ಗೆ ಅಲ್ಲಿ ಒಂದು ನಮಸ್ಕಾರ, ಚಳಿಯ ಬಗ್ಗೆ ಒಂದು ಮಾತು. ಮತ್ತೆ ಗುರುವಾರದ ಬಟಾಣಿ ಸೂಪಿನ ಜೊತೆ ಕತ್ತರಿಸಿ ಕೊಡುವ ಪ್ಯಾನ್‌ಕೇಕಿನಲ್ಲಿ ಗರಿಗರಿಯಾದ ಅಂಚಿನ ತುಂಡನ್ನು ಅವಳು ಅವನಿಗೆಂದೇ ತೆಗೆದಿಡುತ್ತಿದ್ದಳು. ಆ ತುಂಡಿನ ಬಲದ ಮೇಲೆ ಇಲ್ಪೊ ಒಂದು ವಾರ ಬದುಕುತ್ತಿದ್ದ.

ಇವತ್ತು ಊಟದ ಸಾಲಿನಲ್ಲಿ ರೌಹಳ ಮುಖ ಬಿಳಿಚಿಕೊಂಡಿತ್ತು. ತಟ್ಟೆಗೆ ನಡುವಿನ ಮೆತ್ತನೆಯ ತುಂಡು ಬಿತ್ತು.

"ರೌಹ, ನೀವೂ ಓದಿದ್ರಾ?" ಎಂದ ಇಲ್ಪೊ. "ಅದು ಸುಳ್ಳು. ನಾನು ನಾಳೆನೂ ಹಿಮ ಎತ್ತೋನೇ."

"ಗೊತ್ತು," ಎಂದಳು ರೌಹ ಸಣ್ಣ ದನಿಯಲ್ಲಿ.

"ಗೊತ್ತಾ? ಮತ್ಯಾರೂ ನಂಬಲ್ಲ. ಈಗಲೇ ಪತ್ರಿಕೆಯವರ ಹತ್ರ ಹೋಗಿ ಸರಿ ಮಾಡಿಸ್ತೀನಿ."

ಅವಳ ಕೈಯ ಸೌಟು ನಿಂತಿತು. "ಬಿಟ್ಬಿಡಿ ಇಲ್ಪೊ. ಕ್ರಿಸ್ಮಸ್ ಹೊತ್ತಿಗೆ ಎಲ್ಲ ಮರೀತಾರೆ. ಇದ್ರೆ ಇರ್ಲಿ."

"ಸುಳ್ಳನ್ನ ಹೇಗೆ ಇಟ್ಕೊಳ್ಳೋದು?"

ರೌಹ ಅತ್ತಿತ್ತ ನೋಡಿದಳು. "ಭಾನುವಾರ ನಮ್ಮನೆಗೆ ಕಾಫಿಗೆ ಬನ್ನಿ. ಮಾತಾಡೋಣ. ಅಲ್ಲೀವರೆಗೂ ಎಲ್ಲಿಗೂ ಹೋಗ್ಬೇಡಿ."

ವರ್ಷಗಟ್ಟಲೆ ಕಾದ ಮಾತು. ನಿನ್ನೆ ಬಂದಿದ್ದರೆ ಇಲ್ಪೊ ಸಲಿಕೆಯನ್ನೇ ಅಪ್ಪಿಕೊಂಡು ಕುಣಿಯುತ್ತಿದ್ದ. ಇವತ್ತು ಅದು ಎದೆಗೆ ಚುಚ್ಚಿತು. ಗೊತ್ತು ಅನ್ನುವುದು ಬರೀ ಬಾಯಿಮಾತು, ಇವಳಿಗೂ ಎರಡನೇ ಕಾಲಮ್ಮೇ ಕಂಡಿತಲ್ಲ ಎಂದುಕೊಂಡ. ಸೂಪು ಹಾಗೇ ಬಿಟ್ಟು ಎದ್ದ. ಬಂಡವಾಳವಿಲ್ಲದ ಇಲ್ಪೊನನ್ನು ಇವಳು ಕರೆಯುತ್ತಾಳೋ ಇಲ್ಲವೋ ನೋಡಿಯೇಬಿಡಬೇಕು. ನಲವತ್ತೆಂಟು ವರ್ಷದಲ್ಲಿ ಅವನು ಹಟ ಹಿಡಿದದ್ದು ಇದೇ ಮೊದಲು.

ಪತ್ರಿಕೆಯ ಕಚೇರಿಗೆ ಹೋಗುವ ದಾರಿಯಲ್ಲಿ ಮೂವರು ಟೋಪಿ ತೆಗೆದರು, ಒಬ್ಬ ದೋಣಿ ಮಾರಲು ನೋಡಿದ. ಸಂಪಾದಕಿ ಕಂಪ್ಯೂಟರಿನಲ್ಲಿ ಹುಡುಕಿ ಹಣೆ ಹಣೆ ಚಚ್ಚಿಕೊಂಡಳು.

"ಒಂಬತ್ತನೇ ಪುಟದಲ್ಲಿ ಎರಡನೇ ಕಾಲಂ ಒಂದು ಸಾಲು ಮೇಲಕ್ಕೆ ಜರುಗಿಬಿಟ್ಟಿದೆ. ಕ್ಷಮಿಸಿ."

"ಪುಟ ಪೂರ್ತಿ? ಮತ್ತೆ ಬೇರೆ ಯಾರೂ ಬಂದು ಕೇಳ್ಲಿಲ್ವಾ?"

"ಉಳಿದೋರದ್ದೆಲ್ಲ ಸೊನ್ನೆ. ಸೊನ್ನೆ ಮೇಲಕ್ಕೆ ಹೋದ್ರೂ ಸೊನ್ನೆನೇ ಅಲ್ವಾ. ಈಗಲೇ ನಮ್ಮ ವೆಬ್‌ಸೈಟಲ್ಲಿ ಸರಿಯಾದ ಹೆಸರಿನ ಸಮೇತ ತಿದ್ದುಪಡಿ ಹಾಕ್ತೀನಿ, ಎಲ್ಲರ ಮೊಬೈಲಿಗೂ ಹೋಗುತ್ತೆ."

"ದೊಡ್ಡ ಅಕ್ಷರದಲ್ಲಿ ಹಾಕಿ," ಎಂದ ಇಲ್ಪೊ. ಹಾಗಾದರೆ ಆ ಹಣ ಯಾರದ್ದು ಎಂದು ಅವನು ಕೇಳಲಿಲ್ಲ. ಇನ್ನೊಬ್ಬರ ವರಮಾನ ಬಾಯಿಬಿಟ್ಟು ಕೇಳುವವನಲ್ಲ ಅವನು.

ಎರಡು ಗಂಟೆಗೆ ಕಾಫಿ ಕೋಣೆಗೆ ಬಂದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಟೆಲ್ಲೆರ್ವೊ ಎಳೆದು ತಂದಿದ್ದ ಕುರ್ಚಿ ಕೂಡ ಅದರ ಜಾಗಕ್ಕೆ ವಾಪಸು ಹೋಗಿತ್ತು. ಇಲ್ಪೊಗೆ ಹಗುರವಾಯಿತು. ಸುದ್ದಿ ತಲುಪಿದೆ ಎಂದುಕೊಂಡು, ತನ್ನ ಕಪ್ಪು ತುಂಬಿಸಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಕರೆಯದೆ ಅಡುಗೆಮನೆಗೆ ನಡೆದ. ಸೊನ್ನೆಯವನಾಗಿ ಹೋಗಿ ರೌಹಳ ಎದುರು ಕೂರುವುದು, ಭಾನುವಾರದ ಮಾತು ಈಗಲೂ ಇದೆಯಾ ಎಂದು ಕೇಳುವುದು.

ಅಡುಗೆಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ರೌಹ ಕೂತಿದ್ದಳು. ಸುತ್ತ ಏಳೂ ಜನ.

"ಗುಡಿಸಲು ಅಂದ್ರೆ ಅಂಥಿಂಥದ್ದಲ್ಲ ರೌಹ, ಒಳಗೆ ಒಲೆನೂ ಇರುತ್ತೆ," ಎನ್ನುತ್ತಿದ್ದ ರೈಮೊ.

"ಗಂಡ ಬಿಟ್ಟು ಹೋದ ಕಾಡಿನ ಮರ ಮಾರಿ ಸುಮ್ಮನೆ ಇದ್ಯಲ್ಲೇ," ಎಂದಳು ಟೆಲ್ಲೆರ್ವೊ. "ಅಷ್ಟಿಟ್ಕೊಂಡು ಸೂಪು ಯಾಕೆ ಬಡಿಸ್ತಿದ್ದೆ?"

"ಇಲ್ಲಿ ಎಲ್ಲರೂ ನನ್ನ ಹತ್ರ ಬರೀ ಸೂಪು ಕೇಳ್ತಿದ್ರು," ಎಂದಳು ರೌಹ. "ಅದಕ್ಕೇ."

ಆಗ ಅವಳ ಕಣ್ಣು ಬಾಗಿಲಲ್ಲಿ ಕಪ್ಪು ಹಿಡಿದು ನಿಂತ ಇಲ್ಪೊನ ಮೇಲೆ ಬಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನೀವೂನಾ ಇಲ್ಪೊ?"

"ಇಲ್ಲ, ನಾನು… ಭಾನುವಾರ ಕಾಫಿ ಅಂದಿದ್ರಲ್ಲ."

"ನೋಡ್ರಪ್ಪಾ," ಎಂದ ರೈಮೊ, "ಬೆಳಿಗ್ಗೆ ಸಾಹುಕಾರ, ಮಧ್ಯಾಹ್ನ ಗಿರಾಕಿ. ಸರದಿ ಪ್ರಕಾರ ನಿಂತ್ಕೋ ಮಾರಾಯ." ಎಲ್ಲರೂ ನಕ್ಕರು. ರೌಹ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಯಾರ ಮುಖವನ್ನೂ ನೋಡದೆ ಹಿತ್ತಲ ಬಾಗಿಲಿಂದ ಹೊರಟುಹೋದಳು.

ಇಲ್ಪೊ ಕೋಟು ತೆಗೆದುಕೊಳ್ಳಲು ಗೂಡುಗಳ ಹತ್ತಿರ ಬಂದ. ಅವನ ಗೂಡಿನಲ್ಲಿ ಒಂದು ಚೀಟಿ. ಊಟದ ಹೊತ್ತಿಗೇ ಹಾಕಿದ್ದು. ಮೂಲೆಯಲ್ಲಿ ಬಟಾಣಿ ಸೂಪಿನ ಕಲೆಯಿತ್ತು. "ಭಾನುವಾರ ಎರಡು ಗಂಟೆಗೆ ಬನ್ನಿ. ಆ ಹಣ ನನ್ನದು. ಯಾರಿಗೂ ಹೇಳಿಲ್ಲ, ನಿಮಗೊಬ್ಬರಿಗೆ ಹೇಳಬೇಕು ಅನ್ನಿಸಿತು. ಇವತ್ತು ಗಾಬರಿಯಲ್ಲಿ ಬೇರೆ ತುಂಡು ಹಾಕಿಬಿಟ್ಟೆ. ಅಂಚಿನದನ್ನು ಎತ್ತಿಟ್ಟಿದ್ದೇನೆ."

ಅವನು ಅದನ್ನು ಮೂರು ಸಲ ಓದಿದ. ಆಮೇಲೆ ಜೇಬಿನ ಮೋಟು ಪೆನ್ಸಿಲಿನಿಂದ, ನನಗೆ ಗೊತ್ತಿರಲಿಲ್ಲ, ಕ್ಷಮಿಸಿ ಎಂದು ಒಂದು ಕಾಗದದ ಚೂರಿನಲ್ಲಿ ಬರೆದು ಕೆಳಗಿನ ಗೂಡಿಗೆ ಹಾಕಲು ಬಗ್ಗಿದ. ಉಣ್ಣೆ ಅಂಗಡಿಯ ಯೋಜನೆ, ಗುಡಿಸಲಿನ ನಕ್ಷೆ, ಯಾರ್‍ಯಾರದೋ ಭಾನುವಾರದ ಆಹ್ವಾನ, ಎಲ್ಲ ಸೇರಿ ಆ ಗೂಡು ಆಗಲೇ ತುಂಬಿಹೋಗಿತ್ತು. ಇಲ್ಪೊನ ಚೀಟಿಗೆ ಜಾಗವಿರಲಿಲ್ಲ.